ಒಂದೆಲಗ ಹತ್ತಿತು

ಬೋನಾಳದ ಕಡೆ ‘ಹತ್ತು’ ಎಂಬ ಮಾತಿಗೆ ಮೈತುಂಬ ಕೆಲಸ. ಒಲೆ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಜನ ಸುರಪುರದ ಬಸ್ಸು ಹತ್ತುತ್ತಾರೆ. ನೆಟ್ಟ ಸಸಿ ಬೇರು ಬಿಟ್ಟರೆ ಹತ್ತಿತು, ಉಂಡದ್ದು ಮೈಗೆ ಹತ್ತಿತು, ಕೊಟ್ಟ ಔಷಧ ಗುಣ ತೋರಿದರೆ ಅದೂ ಹತ್ತಿತು. ಇಷ್ಟೆಲ್ಲ ದುಡಿಯುವ ಮಾತು ಅನ್ನಮ್ಮನ ಮನೆಯಲ್ಲಿ ಒಂದು ಸಂಜೆ ಎಡವಿತು. ಎಡವಿದ್ದು ಆಗ ಯಾರಿಗೂ ತಿಳಿಯಲಿಲ್ಲ.

ಅನ್ನಮ್ಮ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಹೆಸರಿಗೆ ತಕ್ಕ ನೌಕರಿ ಎಂದು ಮಾಸ್ತರರು ಚೇಷ್ಟೆ ಮಾಡುತ್ತಿದ್ದರು. ಗಂಡ ತಿಮ್ಮಣ್ಣ ಕಾಲುವೆಯ ನೀರಗಂಟಿ. ಯಾರ ಹೊಲಕ್ಕೆ ಯಾವಾಗ ನೀರು ಎಂದು ಊರವರೆಲ್ಲ ಅವನ ಮುಖ ನೋಡಬೇಕು, ಅವನು ಮಾತ್ರ ಮನೆಯಲ್ಲಿ ತಾಯಿ ಲಾಲಮ್ಮನ ಮುಖ ನೋಡಬೇಕು. ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಸವಿತಾ ಕಲಬುರಗಿಯ ಕಾಲೇಜಿನಲ್ಲಿ ಔಷಧಗಳ ಬಗ್ಗೆ ದೊಡ್ಡ ಓದು ಓದುತ್ತಿದ್ದಳು. ಕಿರಿಯಳು ದುರ್ಗಾ. ಅವಳಿಗೆ ಏಳನೇ ಇಯತ್ತೆಯಲ್ಲಿದ್ದಾಗಿನಿಂದ ಮೂರ್ಛೆರೋಗ.

ಸುರಪುರದ ದವಾಖಾನೆಯಲ್ಲಿ ಕೊಡುವ ಗುಳಿಗೆಯಿಂದ ಮೂರ್ಛೆ ಹತೋಟಿಗೆ ಬಂದಿತ್ತು. ಆದರೆ ಗುಳಿಗೆ ಬಿಟ್ಟಿ ಕೆಲಸ ಮಾಡಲಿಲ್ಲ. ದುರ್ಗಾಳ ಒಸಡುಗಳು ಊದಿ ಹಲ್ಲಿನ ಮೇಲೆ ಬಂದವು. ನಗು ಬಂದರೆ ಹುಡುಗಿ ಓಡ್ನಿಯ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅವಳಿಗೆ ನಗು ಬರುವುದೂ ಬಹಳ. ಹೊಲಿಗೆ ಕಲಿಯಲು ಸುರಪುರಕ್ಕೆ ಹೋಗುತ್ತಿದ್ದಳು. ಗುಳಿಗೆಯ ಮಂಪರಿನಲ್ಲಿ ಮಧ್ಯಾಹ್ನ ಮಷಿನ್ನಿನ ಮುಂದೆಯೇ ತೂಕಡಿಸುವಳು, ಒಮ್ಮೆ ಹಾಗೆ ಸೂಜಿ ಬೆರಳಿಗೆ ಹೊಕ್ಕಿತ್ತು.

ಸವಿತಾ ಆ ಓದು ಹಿಡಿದದ್ದೇ ತಂಗಿಗಾಗಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದುರ್ಗಾ ಮಾತ್ರ ಹೊಲಿಗೆ ಕ್ಲಾಸಿನ ತುಂಬ ಸಾರಿದ್ದಳು: “ನಮ್ಮಕ್ಕ ನನಗಂತನೇ ಔಷಧ ಹುಡುಕಾಕತ್ಯಾಳ. ಕಂಪ್ಯೂಟರ್‌ದಾಗ.”

ಆ ಸಂಜೆ ಎಲ್ಲರೂ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಕುಳಿತಿದ್ದರು. ಅನ್ನಮ್ಮ ನಾಳೆಯ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಫೋನು ಬಂತು.

“ಅವ್ವ, ಎಲ್ಲಾರೂ ಅದೀರೇನು? ಸ್ಪೀಕರ್ ಹಚ್ಚು,” ಎಂದಳು ಸವಿತಾ. ದನಿಯಲ್ಲಿ ಸಡಗರ ತುಂಬಿತ್ತು.

“ಏನವ್ವಾ, ನೌಕರಿ ಸಿಕ್ತೇನು?” ಎಂದಳು ಲಾಲಮ್ಮ.

“ನೌಕರಿ ಅಲ್ಲ ಆಯಿ. ನಮ್ಮ ಒಂದೆಲಗದ ಸುದ್ದಿ.”

ಒಂದೆಲಗ ಅಂದರೆ ಹಿತ್ತಲಲ್ಲಿ ನಳದ ಬುಡಕ್ಕೆ ಹಬ್ಬಿದ್ದ ಬಳ್ಳಿ. ಕೆರೆಯ ದಂಡೆಯಿಂದ ದುರ್ಗಾಳೇ ಹಸಿ ಮಣ್ಣಿನ ಸಮೇತ ಕಿತ್ತು ತಂದು ಹಚ್ಚಿದ್ದು. ಹೋದ ವರ್ಷ ಸವಿತಾ ಹಬ್ಬಕ್ಕೆ ಬಂದಾಗ ತಾನು ನೋಡುತ್ತಿರುವ ಗಿಡಗಳಲ್ಲಿ ಇದೂ ಒಂದು ಎಂದು ಹೇಳಿ ಹೋಗಿದ್ದಳು.

“ಮಿದುಳಿನ್ಯಾಗ ಒಂದು ಜಾಗಾ ಇರ್ತದ ನೋಡವ್ವ, ಅಲ್ಲಿ ಬ್ರೇಕ್ ಬೀಳಲಿಲ್ಲ ಅಂದ್ರ ಮೂರ್ಛಿ ಬರ್ತದ. ಆ ಜಾಗಾದ ಚಿತ್ರ ಕಂಪ್ಯೂಟರ್‌ದಾಗ ಇಟ್ಟು, ಗಿಡದಾಗಿನ ಒಂದೊಂದು ಅಂಶ ತಂದು ಅದಕ್ಕ ಹಚ್ಚಿ ನೋಡ್ತೀವಿ. ನೂರಾರು ನೋಡಿದೆ. ನೀ ಹಿಟ್ಟು ಜರಡಿ ಹಿಡಿಯಾಂಗ.”

ಅನ್ನಮ್ಮನ ಕೈಯಲ್ಲಿ ಜರಡಿ ನಿಂತಿತು. ಮಗಳು ಕಲಬುರಗಿಯಲ್ಲಿ ಏನು ಮಾಡುತ್ತಾಳೆ ಎಂಬುದು ಅವಳಿಗೆ ಮೊದಲ ಸಲ ಅರ್ಥವಾಯಿತು.

ಲಾಲಮ್ಮನಿಗೆ ಇಷ್ಟು ಉದ್ದ ಬೇಕಿರಲಿಲ್ಲ. “ಅದೆಲ್ಲಾ ಇರಲಿ. ಒಂದೆಲಗ ಹತ್ತೇದೋ ಇಲ್ಲೋ?”

“ಹತ್ತೇದ ಆಯಿ! ಎಲ್ಲಾದಕ್ಕಿಂತ ಗಟ್ಟಿ ಹತ್ತೇದ!”

ದುರ್ಗಾ ರೊಟ್ಟಿ ಬಿಟ್ಟು ಎದ್ದು ನಿಂತಳು. ಲಾಲಮ್ಮ ತಿಂಥಣಿಯ ಮೌನೇಶ್ವರನಿಗೆ ಕೂತಲ್ಲಿಂದಲೇ ಕೈ ಮುಗಿದಳು.

“ಇನ್ನ ಭಾಳ ಕೆಲಸ ಅದ,” ಎಂದು ಫೋನಿನಲ್ಲಿ ಸವಿತಾ ಹೇಳುತ್ತಲೇ ಇದ್ದಳು. “ಮೊದಲ ಇಲಿಗೆ ಕೊಟ್ಟು ನೋಡಬೇಕು.”

“ಇಲಿಗ್ಯಾಕವ್ವ ಔಷಧ? ಇಲಿಗೆ ಪಾಷಾಣ ಹಾಕ್ತಾರ!” ಎಂದಳು ಲಾಲಮ್ಮ. ತಿಮ್ಮಣ್ಣನಿಗೆ ನಗು ತಡೆಯಲಿಲ್ಲ, ಅನ್ನಮ್ಮನಿಗೂ ತಡೆಯಲಿಲ್ಲ. ಆ ಕಡೆ ಸವಿತಾ ಕೂಡ ನಕ್ಕಳು. ಆ ನಗುವಿನಲ್ಲಿ ಉಳಿದ ಮಾತು ಮುಳುಗಿ ಹೋಯಿತು.

ಕಂಪ್ಯೂಟರಿನಲ್ಲಿ ಮಿದುಳಿನ ಆ ಜಾಗದ ಚಿತ್ರಕ್ಕೆ ಎಲೆಯ ಅಂಶದ ಚಿತ್ರ ಅಂಟಿಕೊಂಡಿತು ಎಂದು ಸವಿತಾ ಹೇಳಿದ್ದಳು. ಔಷಧ ಗುಣ ಕೊಟ್ಟಿತು ಎಂದು ಮನೆ ಕೇಳಿಸಿಕೊಂಡಿತ್ತು. ಇಬ್ಬರೂ ಆಡಿದ್ದು ಒಂದೇ ಮಾತು, ತವರ ಮಾತು.

ಮರುದಿನದಿಂದ ಒಂದೆಲಗದ ಸಂಭ್ರಮ ಶುರುವಾಯಿತು. ಬೆಳಗಾದರೆ ಲಾಲಮ್ಮ ಎಲೆ ಕಿತ್ತು ತೊಳೆದು, ಜೀರಿಗೆ ಹಾಕಿ ಅರೆದು, ಬೆಲ್ಲದ ಚೂರಿನ ಜೊತೆ ಮೊಮ್ಮಗಳ ಬಾಯಿಗೆ ಇಡುವಳು. ದುರ್ಗಾ ಮುಖ ಕಿವುಚಿ ನುಂಗುವಳು. ಪಕ್ಕದ ಮನೆಯ ಮರಿಲಿಂಗಮ್ಮ ಗೋಡೆಯ ಮೇಲಿಂದ ಇಣುಕಿ ಏನದು ಎಂದು ಕೇಳಿದಳು.

“ಹಿತ್ತಲ ಗಿಡ ಮದ್ದಲ್ಲ ಅಂತಿದ್ರಲ್ಲ ನೀವೆಲ್ಲಾ,” ಎಂದಳು ಲಾಲಮ್ಮ. “ಈಗ ಕಂಪ್ಯೂಟರೇ ಮದ್ದು ಅಂದದ. ನಮ್ಮ ಸವಿತಾ ಹಚ್ಚಿ ನೋಡ್ಯಾಳ.”

ಎಲೆಯ ಜೊತೆ ಗುಳಿಗೆಯೂ ನಡೆದಿತ್ತು. ಒಂದು ವಾರ ಹೀಗೇ ಹೋಯಿತು. ಆಮೇಲೆ ಒಂದು ದಿನ ಊಟವಾದ ಮೇಲೆ ಅನ್ನಮ್ಮ ಗುಳಿಗೆ ಹಿಡಿದು ಬಂದರೆ ದುರ್ಗಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಬ್ಯಾಡವ್ವ. ಒಂದೆಲಗ ಹತ್ತೇದಲ್ಲ, ಇನ್ಯಾಕ ಇದು?”

“ಹುಚ್ಚಿ, ಡಾಕ್ಟರ್ ಹೇಳ್ಯಾರ. ಒಂದು ದಿನಾನೂ ಬಿಡಬಾರದು ಅಂತ.”

“ಆ ಡಾಕ್ಟರ್ ನನ್ನ ಹಲ್ಲು ನೋಡ್ಯಾರೇನು? ನೀ ನೋಡು.” ದುರ್ಗಾ ತುಟಿ ಮೇಲೆತ್ತಿ ತೋರಿಸಿದಳು. “ಕ್ಲಾಸಿನ್ಯಾಗ ನಾ ನಗಂಗಿಲ್ಲ, ಗೊತ್ತದ ಏನು ನಿನಗ?”

ಲಾಲಮ್ಮ ನಡುವೆ ಬಂದಳು. “ಎರಡೂ ಕೂಡಿ ಮೈಯಾಗ ಜಗಳಾಡ್ತಾವ. ಒಂದು ಮನಿಗೆ ಇಬ್ಬರು ಅತ್ತಿ ಬ್ಯಾಡ, ಒಂದು ರೋಗಕ್ಕ ಎರಡು ಔಷಧ ಬ್ಯಾಡ.”

“ಒಬ್ಬ ಅತ್ತೀನೇ ಸಾಕಾಗೇದ ನನಗ,” ಎಂದಳು ಅನ್ನಮ್ಮ.

“ನಿನಗ ನಿನ್ನ ಮಗಳ ಮ್ಯಾಲ ನಂಬಿಗಿ ಇಲ್ಲೇನು? ಅಷ್ಟು ಓದಿಸಿದ್ದು ಯಾಕ ಹಂಗಾದ್ರ?”

ಅನ್ನಮ್ಮ ಗಂಡನ ಕಡೆ ನೋಡಿದಳು. “ಏನರೆ ಹೇಳ್ರಿ.”

ತಿಮ್ಮಣ್ಣ ಹಲ್ಲಿಗೆ ಕಡ್ಡಿ ಹಾಕುತ್ತ, “ನಾಲ್ಕು ದಿನ ನೋಡೂಣು,” ಎಂದ. ನೀರಗಂಟಿಗಳ ಮಾತೇ ಹಾಗೆ. ಯಾರ ಹೊಲಕ್ಕೂ ಇಲ್ಲ ಅನ್ನುವುದಿಲ್ಲ.

ಅನ್ನಮ್ಮ ಗುಳಿಗೆಯ ಪಟ್ಟಿಗಳನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಬೇಕಾದರೆ ಮತ್ತೆ ಕೊಟ್ಟರಾಯಿತು ಎಂದುಕೊಂಡಳು.

ಗುಳಿಗೆ ನಿಂತ ಮೇಲೆ ಹುಡುಗಿಗೆ ಗೆಲುವು ಬಂತು. ಸುಳ್ಳು ಯಾಕೆ ಹೇಳಬೇಕು, ಆ ಗೆಲುವು ಎಲ್ಲರ ಕಣ್ಣಿಗೂ ಕಂಡಿತು. ತೂಕಡಿಕೆ ಹೋಯಿತು. ಬೆಳಿಗ್ಗೆ ಅವ್ವನಿಗಿಂತ ಮೊದಲು ಎದ್ದು ಅಂಗಳ ಗುಡಿಸಿದಳು, ಮನೆಯ ಹಳೆಯ ಮಷಿನ್ನಿನಲ್ಲಿ ಅಜ್ಜಿಗೆ ಕುಪ್ಪಸ ಹೊಲಿದುಕೊಟ್ಟಳು. ಹೊಲಿಗೆ ಕ್ಲಾಸು ಇಲ್ಲದ ದಿನ ಶಾಲೆಯ ಅಡುಗೆಕೋಣೆಗೆ ಬಂದು ಅವ್ವನ ಜೊತೆ ಅಕ್ಕಿ ಆರಿಸುತ್ತ ಮಾತಾಡಿದ್ದೇ ಮಾತಾಡಿದ್ದು. ಇಷ್ಟು ವರ್ಷ ಮಗಳು ಅರ್ಧ ನಿದ್ದೆಯಲ್ಲೇ ಬೆಳೆದಿದ್ದಾಳಲ್ಲ ಎಂದು ಅನ್ನಮ್ಮ ಮರುಗಿದಳು. ಆ ಹಾಳು ಗುಳಿಗೆಯ ಮೇಲೆ ಅವಳಿಗೂ ಸಿಟ್ಟು ಬಂತು.

ಆದರೂ ಒಳಗೆ ಒಂದು ಮುಳ್ಳು. ಒಂದು ದಿನ ಅವಳೇ ಸವಿತಾಳಿಗೆ ಫೋನು ಹಚ್ಚಿದಳು. ದುರ್ಗಾ ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು.

“ದುರ್ಗಾಗ ದಿನಾ ಒಂದೆಲಗ ಕೊಡಾಕತ್ತೇವಿ ಸವಿತಾ.”

“ಒಂದೆರಡು ಎಲಿ ಕೊಡ್ರಿ ಅವ್ವ, ಏನೂ ಆಗಂಗಿಲ್ಲ. ಸೊಪ್ಪೇ ಅಲ್ಲೇನು ಅದು. ಅಕಿ ಹೆಂಗದಾಳ?”

“ಭಾಳ ಚಲೋ ಅದಾಳ. ಆದ್ರ...”

ದುರ್ಗಾ ತಲೆ ಎತ್ತಿದಳು. ಬೇಡ ಎಂದು ಕಣ್ಣಲ್ಲೇ ಅಂಗಲಾಚಿದಳು. ಗುಳಿಗೆ ಬಿಟ್ಟದ್ದು ತಿಳಿದರೆ ಅಕ್ಕ ಬೈಯುತ್ತಾಳೆ, ಮತ್ತೆ ಆ ಗುಳಿಗೆ, ಮತ್ತೆ ಆ ನಿದ್ದೆ. ಅನ್ನಮ್ಮನ ನಾಲಗೆಯ ತುದಿಗೆ ಬಂದದ್ದು ಹಿಂದಕ್ಕೆ ಹೋಯಿತು.

“ಆದ್ರ ಏನವ್ವ?”

“ಏನಿಲ್ಲ. ನೀ ಹೊತ್ತಿಗೆ ಸರಿಯಾಗಿ ಉಣ್ಣು.”

ಮುಂದಿನ ವಾರ ಅನ್ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಿರುವಾಗ ಮರಿಲಿಂಗಮ್ಮ ಓಡಿಬಂದಳು. ಮನೆಯ ಕಡೆ ಕೈ ಮಾಡಿ ದುರ್ಗಾಳ ಹೆಸರು ಕೂಗಿದಳು. ಅನ್ನಮ್ಮ ಸೌಟು ಹಿಡಿದುಕೊಂಡೇ ಓಡಿದಳು.

ದುರ್ಗಾ ಹೊಲಿಗೆ ಮಷಿನ್ನಿನ ಪಕ್ಕ ಬಿದ್ದಿದ್ದಳು. ಕೈಕಾಲು ಸೆಟೆದು ಬಡಿಯುತ್ತಿದ್ದವು, ಬಾಯಿಗೆ ನೊರೆ ಬಂದಿತ್ತು. ಲಾಲಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೌನೇಶ್ವರನನ್ನು ಕೂಗುತ್ತಿದ್ದಳು. ಮೊದಲೆಲ್ಲ ಮೂರ್ಛೆ ಬಂದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಈಗ ಇಳಿಯಿತು ಅನ್ನುವಷ್ಟರಲ್ಲಿ ಮತ್ತೊಂದು ಬಂತು, ಅದರ ಬೆನ್ನಿಗೆ ಇನ್ನೊಂದು.

ಓಣಿಯ ಸುಲ್ತಾನಸಾಬ ತನ್ನ ಮೂರು ಗಾಲಿಯ ಟಂಟಂ ಗಾಡಿಯಲ್ಲಿದ್ದ ಸಿಮೆಂಟಿನ ಚೀಲಗಳನ್ನು ರಸ್ತೆಗೇ ಉರುಳಿಸಿ ಬಂದ. “ಹತ್ರಿ ಅಕ್ಕಾ, ಜಲ್ದಿ ಹತ್ರಿ!”

ಸುರಪುರದಲ್ಲಿ ಸೂಜಿ ಚುಚ್ಚಿದರು, ಆಕ್ಸಿಜನ್ ಹಚ್ಚಿದರು. ಇಲ್ಲಿ ಆಗುವುದಿಲ್ಲ, ಯಾದಗಿರಿಗೆ ಒಯ್ಯಿರಿ ಎಂದು ಆಂಬುಲೆನ್ಸು ಕೊಟ್ಟರು. ಜೊತೆಗೆ ಹತ್ತಿದ ನರ್ಸಬಾಯಿ ಕೇಳಿದಳು: “ಗುಳಿಗಿ ಬಿಟ್ಟಿದ್ಳೇನ್ರಿ?” ಅನ್ನಮ್ಮ ಹೌದು ಎಂದು ತಲೆಯಾಡಿಸಿದಳು. ನರ್ಸಬಾಯಿ ಡ್ರೈವರನಿಗೆ ಇನ್ನೂ ಜೋರಾಗಿ ಓಡಿಸು ಎಂದಳು. ಆ ಅವಸರದಲ್ಲೇ ಅನ್ನಮ್ಮನಿಗೆ ಎಲ್ಲ ತಿಳಿಯಿತು.

ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಎದುರಾಗುವ ಹೊತ್ತಿಗೆ, ಶಹಾಪುರ ಇನ್ನೂ ದಾಟಿರಲಿಲ್ಲ, ದುರ್ಗಾಳ ಕೈ ಸಡಿಲವಾಯಿತು. ಬಡಿತ ನಿಂತಿತಲ್ಲ ಎಂದು ಅನ್ನಮ್ಮ ಒಂದು ಗಳಿಗೆ ಹಿಗ್ಗಿದಳು. ಆಮೇಲೆ ನರ್ಸಬಾಯಿಯ ಮುಖ ನೋಡಿದಳು.

ಸವಿತಾ ಬಂದಾಗ ಮಣ್ಣಿಗೆ ಎತ್ತುವುದೊಂದೇ ಬಾಕಿ ಇತ್ತು. ಬಂದವಳು ಅಳಲಿಲ್ಲ. ತಂಗಿಯ ಪಕ್ಕ ಕೂತು ಅವಳ ತುಟಿ ಸರಿಸಿ ಒಸಡು ನೋಡಿದಳು. ಸೂಜಿ ಹೊಕ್ಕಿದ್ದ ಬೆರಳನ್ನು ಕೈಯಲ್ಲಿ ಹಿಡಿದಳು. ಹೆಂಗಸರು ಅವಳನ್ನು ಎಬ್ಬಿಸಬೇಕಾಯಿತು.

ಮೂರನೆಯ ದಿನ ಹೂಳಿದ ಕುಣಿಗೆ ಹಾಲು ತುಪ್ಪ ಬಿಟ್ಟು ಬಂದರು. ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಮರಿಲಿಂಗಮ್ಮ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟು ಹೋಗಿದ್ದಳು, ಯಾರೂ ಮುಟ್ಟಿರಲಿಲ್ಲ. ಸವಿತಾ ಗೋಡೆಗೆ ಒರಗಿ ಕೂತಿದ್ದಳು. ಒಮ್ಮೆಲೇ ಕೇಳಿದಳು.

“ಗುಳಿಗಿ ತಪ್ಪಿದ್ವೇನವ್ವ?”

ತಿಮ್ಮಣ್ಣ ಮುಂದಿದ್ದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ.

“ಒಂದರ ಮ್ಯಾಲೊಂದು ಹಂಗ ಸುಮ್ಮಸುಮ್ಮನ ಬರಂಗಿಲ್ಲ. ಗುಳಿಗಿ ನಿಂತ್ರ ಬರ್ತಾವ. ನಾ ಇದನ್ನೇ ಓದೇನಿ, ನನಗ ಗೊತ್ತದ. ಯಾಕ ನಿಂತ್ವು? ಹೇಳ್ರಿ ಯಾರರೆ.”

ಲಾಲಮ್ಮ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮೊಮ್ಮಗಳು ಹೊಲಿದ ಕುಪ್ಪಸ ಅವಳ ಮೈಮೇಲಿತ್ತು. ಮುದುಕಿಗೆ ಯಾರನ್ನೂ ದೂರಬೇಕು ಎಂದಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ ಅವಳಿಗೆ ಗೊತ್ತು.

“ನೀನೇ ಅಂದಿದ್ದಿ ಅಲ್ಲೇನವ್ವ...” ಎಂದು ಶುರು ಮಾಡಿದಳು.

ಅನ್ನಮ್ಮ ತಟ್ಟನೆ ತಲೆ ಎತ್ತಿದಳು. ಆ ಮಾತು ಪೂರ್ತಿಯಾದರೆ ಈ ಮಗಳೂ ಎದ್ದು ನಡೆಯುವುದಿಲ್ಲ. ಇದು ಲೆಕ್ಕ ಹಾಕಿ ತಿಳಿದದ್ದಲ್ಲ, ಕರುಳಿಗೆ ತಿಳಿದದ್ದು.

“ನೀನೇ ಅಂದಿದ್ದಿ, ಗುಳಿಗಿ ಮುಗಿಯೂಕಿಂತ ಮೊದಲೇ ತರಬೇಕು ಅಂತ,” ಎಂದು ಅನ್ನಮ್ಮ ಅತ್ತೆಯ ಮಾತನ್ನು ಬಾಯಿಂದಲೇ ಕಸಿದುಕೊಂಡಳು. “ಮುಗಿದಿದ್ವು. ಸುರಪುರಕ್ಕ ಹೋಗಿ ತರೂದು ನಾ ಮರತೆ.”

ತಿಮ್ಮಣ್ಣ ಹೆಂಡತಿಯ ಕಡೆ ತಿರುಗಿದ. ಬಾಯಿ ತೆರೆದ. ಅವಳ ಕಣ್ಣು ನೋಡಿ ಮುಚ್ಚಿದ.

“ಮರತಿ?” ಎಂದಳು ಸವಿತಾ.

“ಹೂಂ.”

“ಮರತಿ! ಮೊನ್ನಿ ಫೋನ್ ಮಾಡಿದ್ದಿಯಲ್ಲ, ಆಗ ಗೊತ್ತಿತ್ತೇನು?”

“ಗೊತ್ತಿತ್ತು. ಹೇಳಾಕ ಬಾಯಿ ಬರಲಿಲ್ಲ.”

ಈ ಒಂದು ಮಾತು ಮಾತ್ರ ಸುಳ್ಳಾಗಿರಲಿಲ್ಲ.

ಸವಿತಾ ಎದ್ದು ನಿಂತಳು. ಮೂರು ದಿನದಿಂದ ಬಾರದ ಅಳು ಈಗ ಬಂತು, ಸಿಟ್ಟಿನ ಜೊತೆ ಬಂತು. “ಊರ ಮಕ್ಕಳಿಗೆಲ್ಲಾ ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕ್ತಿ. ಮನ್ಯಾಗಿನ ಮಗಳಿಗೆ ಒಂದು ಗುಳಿಗಿ ನೆನಪಾಗಲಿಲ್ಲೇನು? ನಾ ಅಲ್ಲಿ ಹಗಲು ರಾತ್ರಿ ಅಕಿ ಸಲುವಾಗಿ ಕಣ್ಣು ಕಳಕೊಳ್ಳಾಕತ್ತೇನಿ. ನೀ ಇಲ್ಲಿ ಮರತಿ! ನೀ ಕೊಂದಿ ಅವ್ವ ಅಕಿನ್ನ. ಕೈಯ್ಯಾರೆ ಕೊಂದಿ.”

“ಹೌದವ್ವ,” ಎಂದಳು ಅನ್ನಮ್ಮ.

ಸವಿತಾ ಹೊರಗೆ ಹೋದ ಮೇಲೆ ಲಾಲಮ್ಮ ಸೊಸೆಯ ಹತ್ತಿರ ತೆವಳಿಕೊಂಡು ಬಂದಳು. “ಯಾಕ ಹಂಗ ಹೇಳಿದಿ? ಬಿಡು ಅಂದಾಕಿ ನಾನು. ಕೊಟ್ಟಾಕಿ ನಾನು. ಬೈಸಿಕೊಳ್ಳೂದು ನನ್ನ ಪಾಲಿಂದು.”

“ಅತ್ತಿ, ನಿಮ್ಮ ಹೆಸರು ತಗೊಂಡ್ರ ಗುಳಿಗಿ ಬದಲಿ ಕೊಟ್ಟ ಎಲಿ ಮಾತು ಬರ್ತದ. ಎಲಿ ಮಾತು ಬಂದ್ರ ಸವಿತಾ ‘ಹತ್ತೇದ’ ಅಂದ ಮಾತು ಬರ್ತದ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಒಂದು ಹೋಗೇದ ನನಗ. ಇನ್ನೊಂದು ಇರಲಿ.”

“ನಿನ್ನ ಮಾರಿ ನೋಡಂಗಿಲ್ಲ ಅಕಿ ಇನ್ನ.”

“ನೋಡದಿದ್ರ ಬಿಡಲಿ. ಓದು ಬಿಡದಿದ್ರ ಸಾಕು.”

ಲಾಲಮ್ಮ ಸೊಸೆಯ ಕೈ ಹಿಡಿದುಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಕೈ ಹಿಡಿದದ್ದು ಅದೇ ಮೊದಲು. ಸಂಜೆ ಅನ್ನಮ್ಮ ಡಬ್ಬಿಯ ಹಿಂದಿನ ಗುಳಿಗೆಯ ಪಟ್ಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಶಾಲೆಯ ಹಿಂದಿನ ಹಾಳು ಬಾವಿಗೆ ಹಾಕಿಬಂದಳು.

ದಿನಕರ್ಮ ಮುಗಿಯುವ ತನಕ ಸವಿತಾ ಮನೆಯಲ್ಲಿ ಇದ್ದಳು. ಅವ್ವನ ಜೊತೆ ಮಾತಿಲ್ಲ. ನೀರು ಬೇಕಾದರೂ ಅಜ್ಜಿಯನ್ನು ಕೇಳುವಳು. ಅನ್ನಮ್ಮ ರೊಟ್ಟಿ ಬಡಿದು ಹಾಕಿದರೆ ಅಪ್ಪ ಎತ್ತಿ ಕೊಡಬೇಕು, ಆಗ ಉಣ್ಣುವಳು. ತಿಮ್ಮಣ್ಣನಿಗೆ ಒಂದೆರಡು ಸಲ ತಡೆಯಲಾಗದೆ, “ನಿಮ್ಮವ್ವಂದೇನೂ ತಪ್ಪಿಲ್ಲವ್ವಾ,” ಎಂದುಬಿಟ್ಟ. “ನೀ ಸುಮ್ಮಕಿರಪ್ಪ,” ಎಂದಳು ಸವಿತಾ. ಅವನು ಕಾಲುವೆಯ ಕಡೆ ಎದ್ದು ಹೋದ.

ಹೊರಡುವ ದಿನ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಸವಿತಾ ಬ್ಯಾಗಿನಿಂದ ಊಟದ ಡಬ್ಬಿ ತೆಗೆದು, ಹಸಿ ಬಟ್ಟೆ ಹಾಸಿ, ಹಿತ್ತಲಿಗೆ ನಡೆದಳು. ಅನ್ನಮ್ಮನಿಗೆ ಅವಳು ಎಲ್ಲಿಗೆ ಹೊರಟಿದ್ದಾಳೆ ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು.

“ಆಯಿ! ಒಂದೆಲಗ ಇಷ್ಟೂ ಯಾರ ಕಿತ್ತಾರ? ಒಂದೆರಡು ಎಲಿ ತಿಂದ್ರ ಹಿಂಗ ಬೋಳಾಗಂಗಿಲ್ಲ.”

ನಳದ ಬುಡ ಬೋಳಾಗಿತ್ತು. ಚಾಪೆಯ ಹಾಗೆ ಹಬ್ಬಿದ್ದ ಬಳ್ಳಿಯಲ್ಲಿ ಎಲೆಗಳೇ ಇರಲಿಲ್ಲ. ಉಗುರಲ್ಲಿ ಚಿವುಟಿದ ತೊಟ್ಟುಗಳು ಸಾಲಾಗಿ ನಿಂತಿದ್ದವು. ಲಾಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅನ್ನಮ್ಮ ಅವಳನ್ನು ದಾಟಿ ಮುಂದೆ ಬಂದಳು.

“ಆಡು ಮೇದದ,” ಎಂದಳು. “ಮರಿಲಿಂಗಮ್ಮನ ಆಡು.”

ಸವಿತಾ ಮಂಡಿಯೂರಿ ಕೂತಳು. ಒಂದು ತೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಅನ್ನಮ್ಮ ಅವಳ ಬೆರಳನ್ನೇ ನೋಡುತ್ತ ನಿಂತಳು. ಓದಿದ ಕಣ್ಣು, ಆಡಿನ ಹಲ್ಲಿಗೂ ಅಜ್ಜಿಯ ಉಗುರಿಗೂ ವ್ಯತ್ಯಾಸ ಕಾಣದೇ ಇದ್ದೀತೇ?

ಆದರೆ ಆ ಕಣ್ಣಲ್ಲಿ ನೀರು ತುಂಬಿತ್ತು.

“ಅಕಿ ಹಚ್ಚಿದ್ದಿದು,” ಎಂದಳು ಸವಿತಾ. “ಇದನ್ನೇ ಒಯ್ಯಬೇಕಂತ ಮಾಡಿದ್ದೆ. ಚಿತ್ರದಾಗ ನೋಡಿದ್ದು ಸಾಕು, ಖರೆ ರಸ ತೆಗದು ನೋಡಬೇಕಂತ. ಇದ್ದದ್ದು ಇದೊಂದು, ಇದನ್ನೂ ಕಾಯಲಿಲ್ಲ ನೀನು.”

ಎಷ್ಟೋ ದಿನಗಳ ಮೇಲೆ ಮಗಳು ತನ್ನ ಜೊತೆ ಮಾತಾಡಿದಳು ಎಂಬುದೇ ಅನ್ನಮ್ಮನಿಗೆ ದೊಡ್ಡದಾಗಿ ಕಂಡಿತು. “ಬೇರು ಗಟ್ಟಿ ಅದ ಸವಿತಾ. ಮತ್ತ ಚಿಗೀತದ,” ಎಂದಳು.

“ನೀರರೆ ಹಾಕ್ತಿ, ಇಲ್ಲಾ ಅದನ್ನೂ ಮರೀತಿ?”

“ಹಾಕ್ತೀನವ್ವ.”

ಸವಿತಾ ಖಾಲಿ ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಅಪ್ಪನ ಕಾಲು ಮುಟ್ಟಿದಳು, ಅಜ್ಜಿಯ ಕಾಲು ಮುಟ್ಟಿದಳು. ಅವ್ವನ ಮುಂದೆ ಒಂದು ಗಳಿಗೆ ನಿಂತು, ಹಾಗೇ ನಡೆದುಬಿಟ್ಟಳು. ತಿಮ್ಮಣ್ಣ ಬ್ಯಾಗು ಹೊತ್ತು ಬಸ್ಸಿನ ತನಕ ಹೋದ.

ಅನ್ನಮ್ಮ ತಂಬಿಗೆಯಲ್ಲಿ ನೀರು ತಂದು ಬೋಳು ಬಳ್ಳಿಯ ಬುಡಕ್ಕೆ ಸಣ್ಣಗೆ ಬಿಟ್ಟಳು. ಮಣ್ಣು ಕುಡಿಯುವ ತನಕ ಕಾದು ಮತ್ತೊಂದು ತಂಬಿಗೆ ಬಿಟ್ಟಳು. ಲಾಲಮ್ಮ ಹಿಂದೆ ಬಂದು ನಿಂತು ಬಗ್ಗಿ ನೋಡಿದಳು.

“ಹತ್ತೀತೇನ ಅನ್ನಮ್ಮ ಅದು?”

ಅನ್ನಮ್ಮ ತಂಬಿಗೆಯನ್ನು ನೆಲಕ್ಕೆ ಇಟ್ಟಳು.

“ಚಿಗೀತೇನು ಅಂತ ಕೇಳ್ರಿ ಅತ್ತಿ,” ಎಂದಳು. “ಆ ಮಾತೊಂದು ಈ ಮನ್ಯಾಗ ಇನ್ನ ಬ್ಯಾಡ.”